ಯೆಜ್ಡಿಗೆ ಮೊದಲು ಫಿಲ್ಟರ್, ಆಮೇಲೆ ಶೋಕಿ

ವಾಡಿಯ ಚಹಾದಂಗಡಿ ಮುಂದೆ ನನ್ನ ಯೆಜ್ಡಿ ರೋಡ್‌ಕಿಂಗ್ ಬೈಕ್ ನಿಲ್ಲಿಸಿದರೆ ಹುಡುಗರ ಸಲಹೆ ಶುರು: 'ಕಾಕಾ, ಮುಂದ ಡಿಸ್ಕ್ ಹಾಕಸ್ರಿ, ಸೈಲೆನ್ಸರ್ ಒಳಗಿನ ಜಾಳಗಿ ತೆಗಸ್ರಿ, ಹೆಂಗ್ ಗುಡುಗತದ ನೋಡ್ರಿ!' ಗುಡುಗುವುದು ಖರೆ. ಆದರೆ ಟೂ-ಸ್ಟ್ರೋಕ್ ಎಂಜಿನ್ನಿಗೆ ಸೈಲೆನ್ಸರಿನ ಒತ್ತಡವೂ ಲೆಕ್ಕದೊಳಗಿನದು. ಜಾಳಿಗೆ ತೆಗೆದರೆ ಸದ್ದು ಏರಿ ಎಳೆತ ಇಳಿಯುತ್ತದೆ. ಅದರ ಮಸಿಯನ್ನು ಮನೆಯಲ್ಲೇ ಕೆರೆದು ತೆಗೆದರೆ ಸಾಕು.

ನಮ್ಮ ಸೀಮೆಯಲ್ಲಿ ಗಾಡಿಯ ನಿಜವಾದ ವೈರಿ ದೂಳು. ಶಹಾಬಾದಿನ ಫರಸಿ ಗಣಿ, ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆ, ಸಾಲುಗಟ್ಟಿದ ಲಾರಿಗಳು. ಟೂ-ಸ್ಟ್ರೋಕಿನಲ್ಲಿ ಗಾಳಿ, ಪೆಟ್ರೋಲು ಮೊದಲು ಕ್ರ್ಯಾಂಕ್ ಗೂಡಿಗೇ ಇಳಿಯುತ್ತವೆ. ಫಿಲ್ಟರ್ ಹರಿದಿದ್ದರೆ ಸುಣ್ಣದಕಲ್ಲಿನ ಪುಡಿ ಪಿಸ್ಟನ್ ರಿಂಗನ್ನಷ್ಟೇ ಅಲ್ಲ, ಬೇರಿಂಗನ್ನೂ ಅರೆಯುತ್ತದೆ. ಕ್ರ್ಯಾಂಕ್ ಆಯಿಲ್ ಸೀಲ್ ಸವೆದರೆ ಬೇಡದ ಗಾಳಿ ಒಳನುಗ್ಗಿ, ಚೈತ್ರ-ವೈಶಾಖದ ಬಿಸಿಲಲ್ಲಿ ಪಿಸ್ಟನ್ ಜಾಮ್ ಆಗುತ್ತದೆ. ಹೊಸ ಫಿಲ್ಟರ್, ಹೊಸ ಸೀಲ್: ಹೊರಗೆ ಯಾರಿಗೂ ಕಾಣದು, ಅದಕ್ಕೇ ಯಾರೂ ಖರ್ಚು ಮಾಡುವುದಿಲ್ಲ.

ಈಗ ಬಂಕಿನಲ್ಲಿ ಸಿಗುವುದು 20% ಎಥೆನಾಲ್ ಬೆರೆತ ಪೆಟ್ರೋಲು. ಹಳೆ ರಬ್ಬರ್ ಪೈಪು ಅದಕ್ಕೆ ಬಾಳುವುದಿಲ್ಲ. ಎಥೆನಾಲ್ ತಡೆಯುವ ಪೈಪು ಹಾಕಬೇಕು. ಮಿಶ್ರಣ ತೆಳುವಾಗುವುದರಿಂದ ಕಾರ್ಬ್ಯುರೇಟರಿನ ಮೇನ್ ಜೆಟ್ ಒಂದು ಅಳತೆ ದೊಡ್ಡದಿದ್ದರೆ ಒಳ್ಳೆಯದು. ವಾರಗಟ್ಟಲೆ ನಿಲ್ಲಿಸುವವರು ಟ್ಯಾಂಕು ಖಾಲಿ ಮಾಡಿಡಲಿ, ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಇನ್ನು ಕಿಡಿ ಹೊತ್ತಿಸುವ ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಸಿಡಿಐ ಕೂರಿಸಿದರೆ ಕಿಕ್ ಹೊಡೆಯುವ ಕಾಲಿಗೆ ಆರಾಮ; ಬಿಚ್ಚಿದರೆ ಮೊದಲಿನಂತೇ ಆಗುತ್ತದೆ ಎಂಬುದು ನನಗೆ ಇನ್ನೂ ಇಷ್ಟ.

ಬ್ರೇಕಿಗೂ ಹಾಗೇ. ಸವೆದ ಡ್ರಮ್ಮನ್ನು ಲೇತಿನಲ್ಲಿ ಸಾಣೆ ಹಿಡಿಸಿ, ಹೊಸ ಶೂ, ಹೊಸ ಕೇಬಲ್ ಹಾಕಿದರೆ ಈ ಗಾಡಿಯ ವೇಗಕ್ಕೆ ಸಾಕಾಗುತ್ತದೆ. ಡಿಸ್ಕಿಗಾಗಿ ಬೇರೆ ಬೈಕಿನ ಮುಂಗಾಲು ತಂದು ವೆಲ್ಡಿಂಗ್ ಮಾಡಿಸುವುದು ನನಗೆ ಒಗ್ಗದು. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತು, ಕತ್ತರಿಸಿ ಬಿಸಾಕಿದ ಭಾಗ ಮತ್ತೆ ಅಲ್ಲಿಂದ ಬರುವುದಿಲ್ಲ. ತೆಗೆದ ಪ್ರತಿ ಸಾಮಾನನ್ನೂ ಎಣ್ಣೆ ಹಚ್ಚಿ, ಚೀಟಿ ಬರೆದು ಡಬ್ಬಿಯಲ್ಲಿಡಿ.

ಕಾಯ್ದೆಯೂ ಇದೇ ಹಾದಿಯಲ್ಲಿದೆ. 2021ರ ಕೇಂದ್ರ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ-ಎಂಜಿನ್ ತೀರಾ ಬದಲಾಗದ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತದೆ. ಆದರೆ ಅಂಥ ಗಾಡಿಯನ್ನು ದಿನಾ ರಸ್ತೆಗಿಳಿಸುವಂತಿಲ್ಲ. ಹಾಗಾಗಿ ನನಗಂತೂ ಆ ಮರ್ಯಾದೆ ಬೇಡ, ಚಿತ್ತಾಪುರಕ್ಕೆ ಕಾಯಿಪಲ್ಯ ತರಲು ಹೋಗುವವನು ನಾನು.