ಹದಿನಾರೇ ಪ್ರದರ್ಶನಕ್ಕೆ ನಿಂತ ನಾಟಕ

‘ಮೆರಿಲಿ ವಿ ರೋಲ್ ಅಲಾಂಗ್’ ಎಂಬ ಮ್ಯೂಸಿಕಲ್ (ಸಂಗೀತ ನಾಟಕ) 1981ರ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನ ಬ್ರಾಡ್‌ವೇಗೆ ಬಂದು, 16 ಪ್ರದರ್ಶನಕ್ಕೇ ಗಂಟುಮೂಟೆ ಕಟ್ಟಿತು. ಹಾಡು ಬರೆದು ಸಂಗೀತ ಕೂಡಿಸಿದವರು ಸ್ಟೀಫನ್ ಸೋಂಡ್‌ಹೈಮ್, ನಿರ್ದೇಶಕರು ಹೆರಾಲ್ಡ್ ಪ್ರಿನ್ಸ್. ಇಬ್ಬರೂ ಆಗಲೇ ಘಟಾನುಘಟಿಗಳು. ಅದೇ ನಾಟಕಕ್ಕೆ 2024ರಲ್ಲಿ ಅತ್ಯುತ್ತಮ ಮರುಪ್ರಯೋಗದ ಟೋನಿ ಪ್ರಶಸ್ತಿ ಬಂತು. ಅದನ್ನು ಕಾಪಾಡಿದ್ದು ದೊಡ್ಡ ರಂಗಮಂದಿರಗಳಲ್ಲ.

ಕಥೆ ಹಿಮ್ಮುಖವಾಗಿ ಸಾಗುತ್ತದೆ. ಮೂವರು ಗೆಳೆಯರ ಸ್ನೇಹ ಮುರಿದುಬಿದ್ದಲ್ಲಿಂದ ಶುರುವಾಗಿ, ದೃಶ್ಯ ಕಳೆದಂತೆ ವರ್ಷಗಳು ಹಿಂದೆ ಸರಿದು, ಅವರ ಕನಸು ತುಂಬಿದ ಹರೆಯಕ್ಕೆ ಬಂದು ನಿಲ್ಲುತ್ತದೆ. ಪ್ರಿನ್ಸ್ ಆ ನಡುವಯಸ್ಸಿನ ಪಾತ್ರಗಳನ್ನು ಎಳೆಯ ಹುಡುಗ ಹುಡುಗಿಯರಿಂದ ಮಾಡಿಸಿದರು. ಯಾರು ಯಾರೆಂದು ಪ್ರೇಕ್ಷಕರಿಗೆ ಗೊತ್ತಾಗಲಿಲ್ಲ. ಹೊಲಿಸಿದ್ದ ಉಡುಪುಗಳನ್ನು ಮೂಲೆಗೆ ಹಾಕಿ, ಪಾತ್ರದ ಗುರುತನ್ನು ಎದೆಯ ಮೇಲೆ ಬರೆದ ಸ್ವೆಟ್‌ಶರ್ಟ್‌ಗಳನ್ನು ತೊಡಿಸಬೇಕಾಯಿತು. ಕಥೆ ಹೇಳಲು ಅಂಗಿಯ ಮೇಲಿನ ಅಕ್ಷರ ಬೇಕಾದಾಗಲೇ ನಾಟಕ ಅರ್ಧ ಸೋತಿತ್ತು.

ಆಮೇಲೆ ಸೋಂಡ್‌ಹೈಮ್ ಮತ್ತು ಸಂಭಾಷಣೆ ಬರೆದ ಜಾರ್ಜ್ ಫರ್ತ್ ಅದನ್ನು ತಿದ್ದುತ್ತಲೇ ಇದ್ದರು. ತಿದ್ದಿದ್ದನ್ನು ಆಡಿಸಿ ನೋಡಲು ಸಣ್ಣ ಜಾಗ ಬೇಕಿತ್ತು. ಲಂಡನ್ನಿನ 250 ಆಸನಗಳ ಡಾನ್‌ಮಾರ್ ವೇರ್‌ಹೌಸ್ 2000ದಲ್ಲಿ ಅದನ್ನು ಎತ್ತಿಕೊಂಡಿತು. ಇಪ್ಪತ್ತು ವರ್ಷ ಹಳೆಯ ನಾಟಕಕ್ಕೆ ‘ಅತ್ಯುತ್ತಮ ಹೊಸ ಮ್ಯೂಸಿಕಲ್’ ಎಂದು ಒಲಿವಿಯರ್ ಪ್ರಶಸ್ತಿ ಬಂದದ್ದು ಒಂದು ತಮಾಷೆ! 2012ರಲ್ಲಿ, ಹಳೆಯ ಚಾಕೊಲೇಟ್ ಕಾರ್ಖಾನೆಯೊಂದನ್ನು ರಂಗಮಂದಿರವಾಗಿಸಿದ ಮೆನಿಯರ್‌ನಲ್ಲಿ ಮರಿಯಾ ಫ್ರೀಡ್‌ಮನ್ ಅದನ್ನು ನಿರ್ದೇಶಿಸಿದರು. ಹಿಂದೆ ಇದೇ ನಾಟಕದಲ್ಲಿ ಆ ಮೂವರು ಗೆಳೆಯರಲ್ಲಿ ಒಬ್ಬಳಾದ ಮೇರಿಯ ಪಾತ್ರ ಮಾಡಿದ್ದವರು ಅವರು. ಅವರದೇ ನಿರ್ದೇಶನ ಮುಂದೆ ನ್ಯೂಯಾರ್ಕ್‌ನ ಒಂದು ಪುಟ್ಟ ರಂಗಮಂದಿರವನ್ನು ಹಾದು 2023ರಲ್ಲಿ ಬ್ರಾಡ್‌ವೇ ತಲುಪಿತು. ಮುಖ್ಯ ಪಾತ್ರಗಳಲ್ಲೊಂದನ್ನು ಹ್ಯಾರಿ ಪಾಟರ್ ಖ್ಯಾತಿಯ ಡೇನಿಯಲ್ ರ‍್ಯಾಡ್‌ಕ್ಲಿಫ್ ಮಾಡಿದ್ದೂ ಟಿಕೆಟ್ ಮಾರಾಟಕ್ಕೆ ನೆರವಾಗಿರಲೇಬೇಕು.

ಸಣ್ಣ ಜಾಗದಲ್ಲಿ ಆಗುವುದೇನು? ಕೊನೆಯ ಸಾಲಿನಲ್ಲಿ ಕೂತವರಿಗೂ ನಟನ ಕಣ್ಣು ಕಾಣುತ್ತದೆ. ಗೆಳೆತನ ಹಳಸುವಂಥ ಸೂಕ್ಷ್ಮ ವಿಷಯಕ್ಕೆ ಅಷ್ಟು ಹತ್ತಿರ ಬೇಕು. ಬಾಡಿಗೆ, ರಂಗಸಜ್ಜಿಕೆಯ ಖರ್ಚು ಕಡಿಮೆ. ಬಿದ್ದರೂ ನಿರ್ಮಾಪಕ ಮನೆ ಮಾರಬೇಕಿಲ್ಲ. ಆದ್ದರಿಂದಲೇ ಸೋತದ್ದನ್ನು ಮತ್ತೆ ಮುಟ್ಟುವ ಧೈರ್ಯ ಅಲ್ಲಿ ಹೆಚ್ಚು.

ಹಾಗೆಂದು ಎಲ್ಲ ಮ್ಯೂಸಿಕಲ್‌ಗೂ ಸಣ್ಣ ರಂಗವೇ ಸರಿ ಎನ್ನಲಾರೆ. ನ್ಯೂಯಾರ್ಕ್‌ನ ಲಿಂಕನ್ ಸೆಂಟರ್‌ನಲ್ಲಿ 2008ರಲ್ಲಿ ‘ಸೌತ್ ಪೆಸಿಫಿಕ್’ ಎಂಬ ಮ್ಯೂಸಿಕಲ್ ಮರಳಿ ಬಂದಾಗ ಆರಂಭದ ಸಂಗೀತ ನುಡಿಯುತ್ತಿದ್ದಂತೆ ವೇದಿಕೆಯ ನೆಲವೇ ಹಿಂದೆ ಸರಿದು, ಕೆಳಗೆ ಕೂತ 30 ವಾದ್ಯಗಾರರು ಕಾಣಿಸುತ್ತಿದ್ದರು. ಆ ಸಂಗೀತವನ್ನು ಬರೆದದ್ದೇ ಅಂಥ ತುಂಬು ವಾದ್ಯವೃಂದಕ್ಕೆ. ನಾಲ್ಕೈದು ವಾದ್ಯಕ್ಕೆ ಇಳಿಸಿದರೆ ಹಾಡು ಉಳಿದೀತು, ಸೊಗಸು ಉಳಿಯದು.

ಸಣ್ಣ ರಂಗದ ಅಗ್ಗದಲ್ಲೂ ಒಂದು ಮುಚ್ಚಿಟ್ಟ ಲೆಕ್ಕವಿದೆ. ಲಂಡನ್ನಿನ ಫ್ರಿಂಜ್, ಅಂದರೆ ಮುಖ್ಯವಾಹಿನಿಯಾಚೆಯ ಸಣ್ಣ ರಂಗಭೂಮಿಯ ಎಷ್ಟೋ ಪ್ರಯೋಗಗಳಲ್ಲಿ ಕಲಾವಿದರಿಗೆ ನಿಗದಿತ ಸಂಬಳವಿಲ್ಲ. ಲಾಭ ಬಂದರೆ ಪಾಲು. ಲಾಭ ಬರುವುದು ಅಪರೂಪ. ಅಂದರೆ ಪ್ರಯೋಗದ ಖರ್ಚಿನಲ್ಲಿ ಒಂದು ಭಾಗವನ್ನು ಅವರೇ ದುಡಿದು ತುಂಬುತ್ತಾರೆ. ಗೆದ್ದ ನಾಟಕ ದೊಡ್ಡ ರಂಗಮಂದಿರಕ್ಕೆ ಹೊರಟಾಗ ಅವರಿಗೂ ಜಾಗ ಸಿಗುತ್ತದೆಂಬ ಖಾತರಿಯಿಲ್ಲ. ಅಲ್ಲಿ ಟಿಕೆಟ್ ಮಾರಲು ಪರಿಚಿತ ಮುಖವೇ ಬೇಕು.