ಥಟ್ ಅಂತ ಹೇಳಿ, ನಮ್ಮೂರಿನ ಪಂಡಿತರು ಎಲ್ಲಿ?

ಕನ್ನಡ ಟೀವಿಯಲ್ಲಿ ಕ್ವಿಜ್ ಅಂದ ತಕ್ಷಣ ನಿಮಗೆ ಏನು ನೆನಪಾಗುತ್ತೆ? ಹತ್ತಕ್ಕೆ ಒಂಬತ್ತು ಜನ 'ಥಟ್ ಅಂತ ಹೇಳಿ' ಅಂತೀರಿ ಅನ್ನೋದು ನನ್ನ ಅಂದಾಜು. ಉಳಿದ ಒಬ್ಬರು 'ಕನ್ನಡದ ಕೋಟ್ಯಾಧಿಪತಿ' ಅನ್ನಬಹುದು. ಇವೆರಡನ್ನೂ ಬಿಟ್ಟು ಮೂರನೇ ಥರದ ಒಂದು ಕ್ವಿಜ್ ಕನ್ನಡಕ್ಕೆ ಬೇಕು ಅಂತ ನನಗೆ ತುಂಬಾ ದಿನದಿಂದ ಅನ್ನಿಸ್ತಾ ಇದೆ. ಯಾಕೆ ಬೇಕು, ಅದಕ್ಕೂ ನಮ್ಮ ಹಾಸನ ಜಿಲ್ಲೆಗೂ ಏನು ಸಂಬಂಧ ಅಂತ ಇವತ್ತು ಬರೀತೀನಿ. ಸ್ವಲ್ಪ ಉದ್ದ ಆಗಬಹುದು, ಕಾಫಿ ಲೋಟ ಪಕ್ಕಕ್ಕಿಟ್ಕೊಂಡು ಓದಿ :-)

ಮೊದಲು ಇರೋದರ ಬಗ್ಗೆ ಹೇಳ್ತೀನಿ. ಡಾ. ನಾ. ಸೋಮೇಶ್ವರ ಅವರು ನಡೆಸಿಕೊಡುವ 'ಥಟ್ ಅಂತ ಹೇಳಿ' ದೂರದರ್ಶನ ಚಂದನದಲ್ಲಿ ಶುರುವಾಗಿದ್ದು 2002ರ ಜನವರಿಯಲ್ಲಿ. ಆಮೇಲೆ ಸಾವಿರಾರು ಕಂತು ಬಂದವು. ನಾನಾಗ ಇನ್ನೂ ಅ ಆ ಇ ಈ ತಿದ್ದುತ್ತಿದ್ದ ವಯಸ್ಸು. ನಮ್ಮ ಮನೆಯಲ್ಲಿ ಪುರಾಣದ ಪ್ರಶ್ನೆ ಬಂದರೆ ಅಜ್ಜಿ, ಸಿನಿಮಾದ್ದು ಬಂದರೆ ಅಮ್ಮ, ರಾಜಕೀಯದ್ದು ಬಂದರೆ ಅಪ್ಪ... ಹೀಗೆ ಯಾರೂ ಹೇಳಿಕೊಡದೇ ಖಾತೆ ಹಂಚಿಕೆ ಆಗಿಹೋಗಿತ್ತು. ಸರಿಯುತ್ತರಕ್ಕೆ ಬಹುಮಾನ ಪುಸ್ತಕ. ದುಡ್ಡಿಲ್ಲ, ಕಾರಿಲ್ಲ, ಫಾರಿನ್ ಟ್ರಿಪ್ಪಿಲ್ಲ. ವೃತ್ತಿಯಿಂದ ವೈದ್ಯರಾದ ಒಬ್ಬರು ಇಷ್ಟು ವರ್ಷ ಬರೀ ಪುಸ್ತಕ ಹಂಚಿಕೊಂಡು ಒಂದು ಕಾರ್ಯಕ್ರಮ ಓಡಿಸಬಹುದು ಅಂದರೆ, 'ಜನ ಇಂಥದ್ದನ್ನೆಲ್ಲ ನೋಡಲ್ಲ ಸಾರ್' ಅನ್ನೋ ಚಾನೆಲ್ಲಿನವರ ಮಾತು ಸುಳ್ಳು ಅಂತ ಅರ್ಥ.

ಎರಡನೆಯದು ಕೋಟ್ಯಾಧಿಪತಿ. 2012ರಲ್ಲಿ ಪುನೀತ್ ರಾಜ್‌ಕುಮಾರ್ ಶುರು ಮಾಡಿದ್ದು. ಅಪ್ಪು ನಗು ನೋಡೋಕೇ ಅರ್ಧ ಕರ್ನಾಟಕ ಕೂರ್ತಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಬ್ರಿಟನ್ನಿನಲ್ಲಿ 1998ರಲ್ಲಿ ಹುಟ್ಟಿದ ಆಟದ ಅಚ್ಚು. ಅಲ್ಲಿ ನಿಜವಾದ ಎದುರಾಳಿ ದುಡ್ಡು. ಪ್ರಶ್ನೆ ಗೊತ್ತೋ ಇಲ್ಲವೋ ಅನ್ನೋದಕ್ಕಿಂತ 'ಈಗ ನಿಲ್ಲಿಸಲಾ, ಮುಂದಕ್ಕೆ ಹೋಗಲಾ' ಅನ್ನೋದೇ ದೊಡ್ಡದು. ತಪ್ಪೇನಲ್ಲ, ಆದರೆ ಆಟ ಬೇರೆ.

ಈಗ ಮೂರನೇ ಥರದ್ದು. ಬಿಬಿಸಿಯಲ್ಲಿ 2003ರಲ್ಲಿ 'ಎಗ್‌ಹೆಡ್ಸ್' ಅಂತ ಒಂದು ಕಾರ್ಯಕ್ರಮ ಶುರುವಾಯ್ತು (2021ರಲ್ಲಿ ಚಾನೆಲ್ ಫೈವ್‌ಗೆ ಹೋಯ್ತು). ಆ ಕಡೆಗೆ ಐದು ಜನ ಕ್ವಿಜ್ ಪಂಡಿತರು, ದೊಡ್ಡ ದೊಡ್ಡ ಸ್ಪರ್ಧೆ ಗೆದ್ದು ಬಂದವರು. ಈ ಕಡೆಗೆ ಐದು ಜನ ಸಾಮಾನ್ಯರು. ಒಂದೇ ಆಫೀಸಿನವರೋ, ಒಂದೇ ಬೀದಿಯವರೋ, ಒಟ್ಟಿಗೆ ಬಿಯರ್ ಕುಡಿಯೋ ಗೆಳೆಯರೋ ಇರಬಹುದು. ಮೊದಲ ನಾಲ್ಕು ಸುತ್ತಿನಲ್ಲಿ ವಿಷಯ ಬರ್ತಾ ಹೋಗುತ್ತೆ: ಇತಿಹಾಸ, ಭೂಗೋಳ, ಕ್ರೀಡೆ, ವಿಜ್ಞಾನ ಹೀಗೆ. ನಮ್ಮಲ್ಲಿ ಒಬ್ಬರನ್ನ ಆರಿಸಿ, ಆ ಕಡೆಯ ಯಾರ ಮೇಲೆ ಬಿಡೋದು ಅಂತಾನೂ ನಾವೇ ತೀರ್ಮಾನಿಸಬೇಕು. ಸೋತವರು ಕೊನೆಯ ಸುತ್ತಿಗಿಲ್ಲ. ಉಳಿದವರೆಲ್ಲ ಸೇರಿ ಕೊನೆಯ ಸುತ್ತು ಆಡಬೇಕು. ಬಹುಮಾನ ಸಾವಿರ ಪೌಂಡಿನಿಂದ ಶುರು, ಪಂಡಿತರು ಗೆದ್ದಾಗೆಲ್ಲ ಅದು ಮುಂದಿನ ತಂಡಕ್ಕೆ ಸೇರಿ ಬೆಳೀತಾ ಹೋಗುತ್ತೆ. ಸಾಮಾನ್ಯರು ಬಹಳಷ್ಟು ಸಲ ಸೋಲ್ತಾರೆ. ಆದರೂ ಗೆಲ್ಲಬಹುದು ಅನ್ನೋ ಆಸೆ ಇದ್ದೇ ಇರುತ್ತೆ. ನಮ್ಮ ಕುಸ್ತಿ ಅಖಾಡಕ್ಕೆ ಹೊರಗಿನ ಪೈಲ್ವಾನ್ ಬಂದಾಗ ಊರ ಹುಡುಗನ್ನ ಇಳಿಸ್ತಾರಲ್ಲ, ಹಾಗೆ.

ಆ ಪಂಡಿತರ ಪಟ್ಟಿ ನೋಡಿದರೆ ಇನ್ನೂ ಖುಷಿಯಾಗುತ್ತೆ. ಅವರಲ್ಲೊಬ್ಬರು ಕ್ರಿಸ್ ಹ್ಯೂಸ್, ರೈಲು ಓಡಿಸ್ತಿದ್ದವರು. 1983ರಲ್ಲಿ ಬಿಬಿಸಿಯ 'ಮಾಸ್ಟರ್‌ಮೈಂಡ್' ಗೆದ್ದವರು. ಅವರಿಗಿಂತ ಮೂರು ವರ್ಷ ಮೊದಲು ಅದೇ ಪಟ್ಟ ಗೆದ್ದ ಫ್ರೆಡ್ ಹೌಸ್‌ಗೋ ಲಂಡನ್ನಿನ ಟ್ಯಾಕ್ಸಿ ಡ್ರೈವರ್. ಪ್ರೊಫೆಸರೂ ಅಲ್ಲ, ಐಎಎಸ್ಸೂ ಅಲ್ಲ. ಓದೋ ಹುಚ್ಚು ಹತ್ತಿಸಿಕೊಂಡ ದುಡಿಯೋ ಜನ.

ನಮ್ಮಲ್ಲಿ ಅಂಥವರು ಇಲ್ಲವಾ? ಇದ್ದಾರೆ ಸ್ವಾಮಿ, ಬೇಕಾದಷ್ಟು ಜನ ಇದ್ದಾರೆ. ಆದರೆ ಕ್ವಿಜ್ ಅನ್ನೋ ಬಾಗಿಲು ಅವರ ಕಡೆ ತೆರೆಯೋದಿಲ್ಲ.

ನಮ್ಮ ದೇಶದ ಕ್ವಿಜ್ಜಿನ ಚರಿತ್ರೆ ನೋಡಿ. 1967ರಲ್ಲಿ ಕಲ್ಕತ್ತಾದಲ್ಲಿ ನೀಲ್ ಓಬ್ರಿಯನ್ ಶುರು ಮಾಡಿದರು, 1985ರಲ್ಲಿ ದೂರದರ್ಶನದಲ್ಲಿ ಸಿದ್ಧಾರ್ಥ ಬಸು 'ಕ್ವಿಜ್ ಟೈಮ್' ತಂದರು. ಬೆಂಗಳೂರಿನಲ್ಲಿ ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಹುಟ್ಟಿದ್ದು 1983ರಲ್ಲಿ. ದೇಶದಲ್ಲೇ ಮೊದಲ ಕೆಲವು ಕ್ವಿಜ್ ಸಂಘಗಳಲ್ಲಿ ಅದೂ ಒಂದು, ಹೆಮ್ಮೆ ಪಡಬೇಕಾದ್ದೇ. ಆದರೆ ಈ ಇಡೀ ಪರಂಪರೆ ನಡೆದದ್ದು ಬಹುಪಾಲು ಇಂಗ್ಲಿಷಿನಲ್ಲಿ, ಊರುಗಳಲ್ಲಿ ಅಲ್ಲ, ನಗರಗಳಲ್ಲಿ. ಹೆಸರಲ್ಲಿ ಕರ್ನಾಟಕ ಇದೆ, ಪ್ರಶ್ನೆಯಲ್ಲಿ ಕನ್ನಡ ಕಮ್ಮಿ. ಅವರನ್ನು ದೂರೋಕೆ ಈ ಮಾತು ಹೇಳ್ತಿಲ್ಲ. ಅವರು ಇಂಗ್ಲಿಷಿನಲ್ಲಿ ಕಟ್ಟಿದ್ದನ್ನ ನಾವು ಕನ್ನಡದಲ್ಲಿ ಕಟ್ಟಲಿಲ್ಲ, ಅಷ್ಟೇ.

ಇದರಿಂದ ಏನಾಗುತ್ತೆ ಅಂತ ಒಂದು ಉದಾಹರಣೆ. ಇಂಜಿನಿಯರಿಂಗ್ ಓದುವಾಗ ಒಂದು ಕಾಲೇಜಿನ ಫೆಸ್ಟಿಗೆ ಹೋಗಿದ್ವಿ. ನನ್ನ ಜೊತೆ ಇದ್ದವನು ಅರಕಲಗೂಡಿನ ಕಡೆಯವನು, ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂ. ಕ್ವಿಜ್ ಮಾಸ್ಟರ್ ನಾಲ್ಕು ಸಾಲಿನ ಇಂಗ್ಲಿಷ್ ಪ್ರಶ್ನೆ ಒಂದನ್ನ ಸರಸರ ಓದಿದರು. ಗಾಥಿಕ್ ಶೈಲಿ, ಫ್ರೆಂಚ್ ಮಿಷನರಿಗಳು, ಜಲಾಶಯ, ಅದು ಇದು ಅಂತ. ನಮ್ಮ ಸರದಿ ಬಂತು, ಇಬ್ಬರೂ ಪಾಸ್. ಉತ್ತರ ಬಂದಾಗ ಇವನು ಮೇಜು ಗುದ್ದಿದ. 'ಲೇ, ಶೆಟ್ಟಿಹಳ್ಳಿ ಚರ್ಚ್ ಕಣೋ! ಮಳೆಗಾಲದಲ್ಲಿ ಮುಳುಗ್ತದಲ್ಲ, ಅದು! ನಮ್ ಅಜ್ಜಿ ಮನೆಗೆ ಹೋದಾಗೆಲ್ಲ ಅಲ್ಲೇ ಆಡ್ತಿದ್ದಿದ್ದು ನಾನು.' ಗೊರೂರಿನಲ್ಲಿ ಹೇಮಾವತಿಗೆ ಕಟ್ಟೆ ಕಟ್ಟಿದ ಮೇಲೆ ಹಿನ್ನೀರಿಗೆ ಸಿಕ್ಕ ಆ ಚರ್ಚಿನ ಪ್ರತಿ ಗೋಡೆ ಅವನಿಗೆ ಗೊತ್ತು. ನೀರು ಯಾವ ತಿಂಗಳು ಎಲ್ಲಿವರೆಗೆ ಏರುತ್ತೆ ಅಂತ ಗೊತ್ತು. ಆ ಹಾಲ್‌ನಲ್ಲಿದ್ದ ಯಾರಿಗಿಂತಲೂ ಹೆಚ್ಚು ಗೊತ್ತಿದ್ದವನಿಗೆ ಸಿಕ್ಕಿದ್ದು ಸೊನ್ನೆ. ಅವನು ಆಮೇಲೆ ಕ್ವಿಜ್ ಕಡೆ ತಲೆ ಹಾಕಲಿಲ್ಲ. 'ಅದು ನಮ್ಮಂಥವರಿಗಲ್ಲ ಬಿಡು ಮಗಾ' ಅಂದ. ನನ್ನ ಸಿಟ್ಟಿರೋದು ಆ ಒಂದು ಮಾತಿನ ಮೇಲೆ. ಸೋತರೆ ಪರವಾಗಿಲ್ಲ, ಆಟವೇ ನಮ್ಮದಲ್ಲ ಅಂತ ಒಬ್ಬ ಜಾಣ ಹುಡುಗ ಅಂದ್ಕೊಳ್ಳೋದಿದೆಯಲ್ಲ, ಅದು ನಷ್ಟ.

ಸರಿ, ಹಾಗಾದರೆ ಕನ್ನಡದ ಎಗ್‌ಹೆಡ್ಸ್ ಹೇಗಿರಬೇಕು? ನನ್ನ ಕಲ್ಪನೆ ಇದು. ಹೊಳೇನರಸೀಪುರದ ತಂಡ, ಅರಕಲಗೂಡಿನ ತಂಡ, ಚನ್ನರಾಯಪಟ್ಟಣದ ತಂಡ, ಹಾಸನದ ತಂಡ. ಒಂದೊಂದರಲ್ಲೂ ಐದು ಜನ. ಒಬ್ಬರು ಹೈಸ್ಕೂಲ್ ಮೇಷ್ಟ್ರು, ಒಬ್ಬರು ಬಸ್ ಕಂಡಕ್ಟರ್, ಒಬ್ಬರು ಹೊಲ ಮಾಡೋರು, ಒಬ್ಬರು ಕಾಲೇಜು ಹುಡುಗಿ, ಒಬ್ಬರು ರಿಟೈರ್ ಆದವರು. ಎದುರಿಗೆ ನಾಡಿನ ದೊಡ್ಡ ಕ್ವಿಜ್ ಪಟುಗಳು. ಎಲ್ಲಾ ಪ್ರಶ್ನೆ ಕನ್ನಡದಲ್ಲಿ. ಆಗ ಪಂಡಿತರಿಗೂ ಬೆವರು ಇಳಿಯುತ್ತೆ ನೋಡಿ :-)

ಪ್ರಶ್ನೆಗಳೂ ಬದಲಾಗಬೇಕು. ಹಾಸನ ಜಿಲ್ಲೆ ಅಂದರೆ ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಇಷ್ಟರಲ್ಲೇ ಮುಗಿಸಿಬಿಡ್ತಾರೆ. ಗೊಮ್ಮಟನ ಎತ್ತರ ಎಷ್ಟು, 57 ಅಡಿ. ಕೆತ್ತಿಸಿದ್ದು ಯಾರು, ಚಾವುಂಡರಾಯ. ಇದನ್ನ ಮೂರನೇ ಕ್ಲಾಸಿನ ಮಗುವೂ ಹೇಳುತ್ತೆ. ಅದೇ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 13ನೇ ಶತಮಾನದ ಹೊಯ್ಸಳರ ಲಕ್ಷ್ಮೀನರಸಿಂಹ ದೇವಸ್ಥಾನ ಇದೆ ಅಂತ ಎಷ್ಟು ಜನ ಹೇಳ್ತಾರೆ? 2025ರಲ್ಲಿ ತೀರಿಹೋದ ಭೈರಪ್ಪನವರ ಹೆಸರಿನ 'ಎಸ್' ಅದೇ ತಾಲ್ಲೂಕಿನ ಸಂತೇಶಿವರ ಅಂತ? ಇಂಗ್ಲಿಷಿನಲ್ಲಿ 'ಕಾಂತಾಪುರ' ಬರೆದ ರಾಜಾ ರಾವ್ 1908ರಲ್ಲಿ ಹುಟ್ಟಿದ್ದು ಹಾಸನದಲ್ಲಿ ಅಂತ? ಅದೇ ಹಾಸನದ ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಬಂದಾಗ ಊರೆಲ್ಲ ಕುಣಿದಾಡಿತು. ಆದರೆ ಅದಕ್ಕೂ ಮೊದಲು ಎಷ್ಟು ಕ್ವಿಜ್ಜಿನಲ್ಲಿ ಅವರ ಮೇಲೆ ಒಂದು ಪ್ರಶ್ನೆ ಬಂದಿತ್ತು?

ಇನ್ನೊಂದು ತಮಾಷೆ. ಭಾರತದ ಭೂಸ್ಥಿರ ಉಪಗ್ರಹಗಳನ್ನ ನೋಡಿಕೊಳ್ಳೋ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ಇರೋದು ಹಾಸನದಲ್ಲಿ. ಇನ್ಸಾಟ್ ಕಾಲದಿಂದಲೂ ನಮ್ಮ ಮನೆಮನೆಗೆ ಟೀವಿ ಕಾರ್ಯಕ್ರಮ ಹೊತ್ತು ತಂದ ಉಪಗ್ರಹಗಳು ದಾರಿ ತಪ್ಪದ ಹಾಗೆ ಕಾಯ್ದಿದ್ದು ನಮ್ಮೂರು. ಟೀವಿಯ ಕ್ವಿಜ್ ಮಾತ್ರ ನಮ್ಮೂರಿಗೆ ಬರಲ್ಲ!

ಈಗ ನನ್ನ ಇಷ್ಟದ ಪ್ರಶ್ನೆ. 1845ರ ಸುಮಾರಿಗೆ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಭೀಕರ ಬರ ಬಂತು, ಸುಮಾರು ಹತ್ತು ಲಕ್ಷ ಜನ ಸತ್ತರು. ಇದು ಯಾವ ಕ್ವಿಜ್ ಪಂಡಿತನಿಗೂ ನಿದ್ದೆಯಲ್ಲೂ ಗೊತ್ತು. ಅದೇ ರೋಗಕ್ಕೆ ಹಾಸನದ ರೈತರು ಏನಂತಾರೆ? ಅಂಗಮಾರಿ. ಮುಂಗಾರಿನಲ್ಲಿ ಮೋಡ ಮುಚ್ಚಿಕೊಂಡು ಜಿಟಿಜಿಟಿ ಹಿಡಿದರೆ ಎಲೆ ಕಪ್ಪಾಗಿ ಎರಡು ಮೂರು ದಿನದಲ್ಲಿ ಹೊಲ ಸುಟ್ಟ ಹಾಗೆ ಆಗುತ್ತೆ. ಬಿತ್ತನೆ ಗಡ್ಡೆ ಎಲ್ಲಿಂದ ಬರುತ್ತೆ? ಪಂಜಾಬಿನ ಜಲಂಧರ್‌ನಿಂದ, ಲಾರಿಯಲ್ಲಿ. ಇದು ನಮ್ಮ ಕಡೆಯ ಯಾವ ಆಲೂಗಡ್ಡೆ ಬೆಳೆಗಾರನಿಗೂ ಗೊತ್ತು, ಆದರೆ ಐರ್ಲೆಂಡ್ ಗೊತ್ತಿಲ್ಲ. ಪಂಡಿತನ ಹತ್ತಿರ ಅರ್ಧ ಇದೆ, ರೈತನ ಹತ್ತಿರ ಅರ್ಧ ಇದೆ. ಇಬ್ಬರನ್ನೂ ಒಂದು ಮೇಜಿನ ಆಚೆ ಈಚೆ ಕೂರಿಸಿದರೆ ನೋಡುತ್ತಾ ಕೂತ ಹುಡುಗನಿಗೆ ಪೂರ್ತಿ ಸಿಗುತ್ತೆ. ನಾನು ಈ ಥರದ ಕ್ವಿಜ್ ಬೇಕು ಅನ್ನೋದು ಇದಕ್ಕೇ. ಯಾರು ಗೆದ್ದರು ಅನ್ನೋದು ಆಮೇಲಿನ ಮಾತು.

ಇದಕ್ಕೆ ಬರೋ ಆಕ್ಷೇಪಗಳು ಗೊತ್ತು. ನನ್ನ ಆಫೀಸಿನ ಗೆಳೆಯರು ಮೊದಲು ಕೇಳೋದು, 'ಎಲ್ಲಾ ಮೊಬೈಲಲ್ಲಿ ಇದೆ, ಎಐ ಇದೆ, ತಲೇಲಿ ಯಾಕೆ ಇಟ್ಕೋಬೇಕು?' ಸಾಫ್ಟ್‌ವೇರಿನ ಅನ್ನ ತಿನ್ನೋನು ನಾನು, ಹಾಗಾಗಿ ಇದಕ್ಕೆ ಉತ್ತರ ಕೊಡೋ ಹಕ್ಕಿದೆ ಅಂದ್ಕೊಳ್ತೀನಿ. ಹುಡುಕೋ ಯಂತ್ರ ಕೇಳಿದ್ದಕ್ಕೆ ಉತ್ತರ ಕೊಡುತ್ತೆ, ಏನು ಕೇಳಬೇಕು ಅಂತ ಹೇಳಿಕೊಡಲ್ಲ. ಅಂಗಮಾರಿಗೂ ಐರ್ಲೆಂಡಿಗೂ ನಂಟಿದೆ ಅಂತ ಅನುಮಾನ ಬರಬೇಕಾದರೆ ಎರಡೂ ಸ್ವಲ್ಪ ಸ್ವಲ್ಪ ತಲೆಯಲ್ಲಿ ಇರಬೇಕು. ಯಂತ್ರ ಧೈರ್ಯವಾಗಿ ತಪ್ಪು ಹೇಳಿದಾಗ ಹಿಡಿಯೋದಕ್ಕೂ ತಲೆಯಲ್ಲಿ ಏನಾದರೂ ಇರಬೇಕು. ಉದಾಹರಣೆಗೆ ಅನಕೃ. ಪೂರ್ತಿ ಹೆಸರು ಅರಕಲಗೂಡು ನರಸಿಂಗರಾವ್ ಕೃಷ್ಣರಾವ್. ಹೆಸರು ನೋಡಿ ಹುಟ್ಟಿದ್ದೂ ಅರಕಲಗೂಡಲ್ಲೇ ಅಂತ ಯಾರಾದರೂ ಬರೆದುಬಿಟ್ಟರೆ ನಂಬೋಕೆ ಚೆನ್ನಾಗಿರುತ್ತೆ. ಆದರೆ ಅವರು ಹುಟ್ಟಿದ್ದು ಕೋಲಾರದಲ್ಲಿ. 'ನಿಲ್ಲು, ಇದು ಹೌದಾ?' ಅಂತ ಒಂದು ಕ್ಷಣ ತಡೆಯೋ ಅಭ್ಯಾಸ ಇದೆಯಲ್ಲ, ಅದನ್ನ ಕ್ವಿಜ್ ಕಲಿಸುತ್ತೆ.

ಎರಡನೇ ಆಕ್ಷೇಪ: ಚಾನೆಲ್ಲಿನವರು ಮಾಡಿದರೆ ಇದನ್ನೂ ರಿಯಾಲಿಟಿ ಶೋ ಮಾಡಿಬಿಡ್ತಾರೆ. ಹಿಂದೆ ಪಿಟೀಲು, ಕಣ್ಣೀರು, ಸ್ಪರ್ಧಿಯ ಮನೆಯ ಬಡತನ ತೋರಿಸೋ ಐದು ನಿಮಿಷದ ವಿಡಿಯೋ. ಈ ಭಯ ನನಗೂ ಇದೆ. ಹಳ್ಳಿಯವರನ್ನ ಟೀವಿಗೆ ಕರೆಸಿ 'ಪಾಪ' ಅನ್ನಿಸೋದಕ್ಕಿಂತ ಕರೆಸದೇ ಇರೋದೇ ವಾಸಿ. ಹಾಗಾಗಿ ಇದು ಚಂದನದಂಥ ಕಡೆಯೇ ಆಗಬೇಕು ಅಂತ ನನ್ನ ಅಭಿಪ್ರಾಯ. ಪುಸ್ತಕ ಬಹುಮಾನ ಕೊಟ್ಟು ಗೆದ್ದ ಚರಿತ್ರೆ ಅಲ್ಲಿದೆ. ಪಂಡಿತರು ಗೆದ್ದಾಗೆಲ್ಲ ಪುಸ್ತಕದ ಕಟ್ಟು ದೊಡ್ಡದಾಗ್ತಾ ಹೋಗಲಿ, ಕೊನೆಗೆ ಅವರನ್ನ ಸೋಲಿಸಿದ ಊರಿನ ಗ್ರಂಥಾಲಯಕ್ಕೆ ಅಷ್ಟೂ ಪುಸ್ತಕ ಹೋಗಲಿ. ಈಗ ಅರಿವು ಕೇಂದ್ರ ಅಂತ ಕರೆಯೋ ಗ್ರಾಮ ಪಂಚಾಯಿತಿ ಲೈಬ್ರರಿಗೆ ಒಂದೇ ಸಲ ಐನೂರು ಪುಸ್ತಕ ಬಂದಿಳಿದರೆ ಹೇಗಿರುತ್ತೆ ಯೋಚಿಸಿ.

ಮೂರನೆಯದು: 'ಕನ್ನಡದಲ್ಲಿ ಅಂಥ ಪಂಡಿತರು ಎಲ್ಲಿದ್ದಾರೆ?' ಇದರಲ್ಲಿ ಸ್ವಲ್ಪ ನಿಜ ಇದೆ. ಎಗ್‌ಹೆಡ್ಸ್ ಆಕಾಶದಿಂದ ಉದುರಲಿಲ್ಲ. ಬ್ರಿಟನ್ನಿನಲ್ಲಿ ಊರೂರಿನ ಪಬ್ಬುಗಳಲ್ಲಿ ವಾರಕ್ಕೊಂದು ಕ್ವಿಜ್ ನಡೀತಿತ್ತು, ಅಲ್ಲಿ ಹದವಾದ ಜನ ಟೀವಿಗೆ ಬಂದರು. ನಮ್ಮಲ್ಲಿ ಗಣೇಶೋತ್ಸವ ಇದೆ, ರಾಜ್ಯೋತ್ಸವ ಇದೆ, ಆರ್ಕೆಸ್ಟ್ರಾಕ್ಕೆ ದುಡ್ಡೆತ್ತೋ ಹುಡುಗರ ಸಂಘಗಳಿವೆ. ಅದೇ ಪೆಂಡಾಲಿನಲ್ಲಿ ಒಂದು ಸಂಜೆ ಕನ್ನಡ ಕ್ವಿಜ್ ಇಟ್ಟರೆ ಖರ್ಚು ಎಷ್ಟು? ಒಂದು ಲ್ಯಾಪ್‌ಟಾಪ್, ಒಂದು ಪ್ರೊಜೆಕ್ಟರ್, ಮೂವತ್ತು ಒಳ್ಳೇ ಪ್ರಶ್ನೆ. ಪ್ರತಿ ತಾಲ್ಲೂಕಿನಲ್ಲಿ ಐದು ವರ್ಷ ಇದು ನಡೆದರೆ ಪಂಡಿತರು ತಾವಾಗೇ ಹುಟ್ಟುತ್ತಾರೆ. ಆಗ ಚಾನೆಲ್ಲಿನವರೇ ಹುಡುಕಿಕೊಂಡು ಬರ್ತಾರೆ.

ಬ್ಲಾಗ್ ಬರೆಯೋ ನಾವು ಮಾಡಬಹುದಾದ ಕೆಲಸ ಪ್ರಶ್ನೆ ಬರೆಯೋದು. ಒಳ್ಳೇ ಪ್ರಶ್ನೆ ಬರೆಯೋದು ಕಷ್ಟದ ಕೆಲಸ, ನಿಮ್ಮಲ್ಲಿ ಬಹಳ ಜನಕ್ಕೆ ಅದು ಬರುತ್ತೆ ಅಂತ ನಿಮ್ಮ ಪೋಸ್ಟುಗಳನ್ನ ಓದಿ ನನಗೆ ಗೊತ್ತು. ನಿಮ್ಮ ತಾಲ್ಲೂಕಿನ ಮೇಲೆ ಹತ್ತು ಪ್ರಶ್ನೆ ಬರೆದು ಹಾಕಿ, ಐದು ಪುಸ್ತಕದಿಂದ, ಐದು ಹೊಲ ಗದ್ದೆ ಸಂತೆ ಬೀದಿಯಿಂದ. ಹೊಳೇನರಸೀಪುರ, ಅರಕಲಗೂಡಿನದ್ದು ನಾನು ಬರೀತೀನಿ, ಈ ತಿಂಗಳ ಕೊನೆಗೆ ಹಾಕ್ತೀನಿ. ದೇವೇಗೌಡರು ಹುಟ್ಟಿದ ಊರು ಯಾವುದು ಅನ್ನೋ ಪ್ರಶ್ನೆ ಮಾತ್ರ ಅದರಲ್ಲಿ ಇರಲ್ಲ, ಹರದನಹಳ್ಳಿ ಅಂತ ಎಲ್ಲರಿಗೂ ಗೊತ್ತು :-)

ಚನ್ನರಾಯಪಟ್ಟಣದವರು ಯಾರಾದರೂ ಇದ್ದೀರಾ? ನಿಮ್ಮ ಹತ್ತು ಪ್ರಶ್ನೆಗೆ ಕಾಯ್ತಿರ್ತೀನಿ.