‘ನಿಮಗೆ ನಂಬಿಕೆ ಕಡಿಮೆ’ ಅನ್ನೋ ಮಾತು ನಿಲ್ಲಿಸೋಣ

ಭಾಗ 1/7

ಕಷ್ಟದಲ್ಲಿರೋರಿಗೆ ನಮ್ಮ ಸಭೆಗಳಲ್ಲಿ ಬಹಳ ಸಲೀಸಾಗಿ ಹೇಳೋ ಒಂದು ಮಾತಿದೆ. "ನಿಮಗೆ ನಂಬಿಕೆ ಕಡಿಮೆ, ಅದಕ್ಕೇ ಉತ್ತರ ಬಂದಿಲ್ಲ." ಕೇಳೋಕೆ ಭಕ್ತಿ ಥರ ಇರುತ್ತೆ. ನಾನು ಇದನ್ನ ಕ್ರೂರ ಅಂತೀನಿ. ಕ್ರೂರ ಮಾತ್ರ ಅಲ್ಲ, ಸತ್ಯವೇದಕ್ಕೂ ವಿರುದ್ಧ.

ಈ 7 ಪೋಸ್ಟ್‌ಗಳಲ್ಲಿ ಅದನ್ನೇ ವಾದ ಮಾಡ್ತೀನಿ. ಉದ್ದ ಇದೆ, ಗೊತ್ತು. ಸೇವ್ ಮಾಡ್ಕೊಂಡು ಬಸ್ಸಲ್ಲಿ ಓದಿ.

ನಮ್ಮ ಕ್ಲಾಸಲ್ಲಿ ಕ್ರೈಸ್ತರು ನಾವು ಬೆರಳೆಣಿಕೆ ಮಂದಿ. ಉಳಿದ ಫ್ರೆಂಡ್ಸ್, ನೀವೂ ಓದಿ. ಯಾಕಂದ್ರೆ ಈ ಮಾತು ಬೇರೆ ಬೇರೆ ವೇಷದಲ್ಲಿ ನಿಮ್ಮ ಮನೆಗೂ ಬರುತ್ತೆ. "ಹರಕೆ ತೀರಿಸಿಲ್ಲ", "ಹಿಂದಿನ ಜನ್ಮದ ಪಾಪ", "ನೆಗೆಟಿವ್ ಥಿಂಕಿಂಗ್ ಜಾಸ್ತಿ". ಎಲ್ಲದರ ಅರ್ಥ ಒಂದೇ: ನೋವು ನಿನ್ನದು, ತಪ್ಪೂ ನಿನ್ನದೇ.

ಈ ಲೆಕ್ಕಾಚಾರದ ಜಾಣತನ ನೋಡಿ. ರೋಗಿ ಹುಷಾರಾದ್ರೆ ಪ್ರಾರ್ಥನೆ ಮಾಡಿದವರಿಗೆ ಹೆಸರು. ಹುಷಾರಾಗದಿದ್ರೆ ರೋಗಿಯ ನಂಬಿಕೆ ಸಾಲದು. ಲಾಭ ಯಾವಾಗ್ಲೂ ಒಬ್ಬರ ಖಾತೆಗೆ, ನಷ್ಟ ಯಾವಾಗ್ಲೂ ಇನ್ನೊಬ್ಬರ ಖಾತೆಗೆ. ಬಿಕಾಂ ಮೊದಲನೇ ಸೆಮಿಸ್ಟರ್ ಹುಡುಗ ಕೂಡ ಹೇಳ್ತಾನೆ, ಇಂಥ ಪುಸ್ತಕದಲ್ಲಿ ಏನೋ ಮೋಸ ಇದೆ ಅಂತ.

ಭಾಗ 2/7

ಇದು ನನಗೆ ಬರೀ ಡಿಬೇಟ್ ಟಾಪಿಕ್ ಅಲ್ಲ, ಯಾಕೆ ಅಂತ ಹೇಳ್ತೀನಿ.

ನಮ್ಮ ಅಜ್ಜಿಗೆ ಎರಡೂ ಕಿಡ್ನಿ ಫೇಲ್ ಆಗಿತ್ತು. ವಾರಕ್ಕೆ 2 ಸಲ ಡಯಾಲಿಸಿಸ್. ಮನೆಗೆ ಪ್ರಾರ್ಥನೆಗೆ ಅಂತ ಬಂದವರಲ್ಲಿ ಒಬ್ಬರು, "ಪೂರ್ತಿ ನಂಬಿದ್ರೆ ಈ ಮಷೀನೆಲ್ಲ ಬೇಕಾಗಲ್ಲ" ಅಂದ್ರು. ಅಜ್ಜಿ ನಕ್ಕು, "ದೇವರ ಮೇಲೆ ನಂಬಿಕೆ ಇರೋದಕ್ಕೇ ಕಣಪ್ಪಾ ಬೆಳಿಗ್ಗೆ 5 ಗಂಟೆಗೆ ಎದ್ದು ಆ ಮಷೀನ್ ಹತ್ರ ಹೋಗ್ತಿರೋದು" ಅಂದ್ರು. ಆಮೇಲೆ ಅವರಿಗೆ ಕಾಫಿ ಕೊಡಿಸಿದ್ರು.

ಅಜ್ಜಿ ತೀರಿಕೊಂಡ ಮೂರನೇ ದಿನ ಅದೇ ವ್ಯಕ್ತಿ ನಮ್ಮ ಅಮ್ಮನ ಎದುರು ಕೂತು, "ಮನೆಯವರ ನಂಬಿಕೆ ಇನ್ನೂ ಸ್ವಲ್ಪ ಗಟ್ಟಿ ಇದ್ದಿದ್ರೆ..." ಅಂತ ಎಳೆದ್ರು. ವಾಕ್ಯ ಮುಗಿಸಲಿಲ್ಲ. ಮುಗಿಸೋ ಅಗತ್ಯ ಇರಲಿಲ್ಲ. ಆರು ವರ್ಷ ತನ್ನ ತಾಯಿಯನ್ನ ಆಟೋದಲ್ಲಿ ಕರ್ಕೊಂಡು ಹೋಗಿ ಬಂದ ಮಗಳಿಗೆ ಹೇಳಿದ ಮಾತು ಅದು. ಅವತ್ತಿಂದ ಎಷ್ಟೋ ತಿಂಗಳು ನಮ್ಮಮ್ಮ ಜೋರಾಗಿ ಪ್ರಾರ್ಥನೆ ಮಾಡಲಿಲ್ಲ.

ಹೆಸರು ಹೇಳಲ್ಲ, ಸಭೆ ಯಾವುದು ಅಂತಾನೂ ಹೇಳಲ್ಲ. ಒಬ್ಬ ಮನುಷ್ಯನ ಮೇಲಿನ ಸಿಟ್ಟಿಗೆ ಇದನ್ನ ಬರೀತಿಲ್ಲ. ಈ ಮಾತು ಎಷ್ಟು ಮನೆಗಳಲ್ಲಿ ಓಡಾಡ್ತಿದೆ ಅಂತ ನಿಮಗೂ ಗೊತ್ತು. ಅಪ್ಪನ ಕೆಲಸ ಹೋದ ಮನೇಲಿ, ಮಕ್ಕಳಾಗದ ಅಕ್ಕನ ಹತ್ರ, ಡಿಪ್ರೆಶನ್‌ನಲ್ಲಿರೋ ಫ್ರೆಂಡ್ ಹತ್ರ. ಗಾಯದ ಮೇಲೆ ಉಪ್ಪು ಸುರಿದು, ಅದಕ್ಕೆ ವಚನದ ಕಾಗದ ಸುತ್ತಿ ಕೊಡ್ತೀವಿ.

ಭಾಗ 3/7

ಈಗ ಸತ್ಯವೇದಕ್ಕೇ ಹೋಗೋಣ. ಏನು ಹೇಳುತ್ತೆ ಅಂತ ನೋಡೋಣ.

ಯೋಬನ ಕಥೆ ಎಲ್ಲರಿಗೂ ಗೊತ್ತು. ಮಕ್ಕಳು, ಆಸ್ತಿ, ಆರೋಗ್ಯ, ಎಲ್ಲಾ ಹೋಯ್ತು. ಮೂರು ಜನ ಸ್ನೇಹಿತರು ಬಂದ್ರು: ಎಲೀಫಜ, ಬಿಲ್ದದ, ಚೋಫರ. ಮೊದಲ 7 ದಿನ ಅವನ ಜೊತೆ ನೆಲದ ಮೇಲೆ ಸುಮ್ನೆ ಕೂತ್ರು. ಅವರು ಮಾಡಿದ ಒಳ್ಳೇ ಕೆಲಸ ಅದೊಂದೇ. ಆಮೇಲೆ ಬಾಯಿ ಬಿಟ್ರು. ನೀನು ಏನೋ ತಪ್ಪು ಮಾಡಿರ್ಬೇಕು, ಸುಮ್ನೆ ಇಂಥದ್ದೆಲ್ಲಾ ಬರಲ್ಲ ಅನ್ನೋದೇ ಅವರ ವಾದ. ಯೋಬ ಒಪ್ಪಲಿಲ್ಲ. ದೇವರ ಜೊತೆ ಜಗಳಕ್ಕೇ ನಿಂತ, ತಾನು ಹುಟ್ಟಿದ ದಿನವನ್ನೇ ಶಪಿಸಿದ.

ಕೊನೇ ಅಧ್ಯಾಯ, ಅಂದ್ರೆ 42ನೇದು, ತೆಗೆದು ನೋಡಿ. ದೇವರಿಗೆ ಸಿಟ್ಟು ಬಂದಿದ್ದು ಯಾರ ಮೇಲೆ? ಆ ಮೂರು ಜನರ ಮೇಲೆ. ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದ್ದು ಯೋಬ, ನೀವಲ್ಲ ಅಂತ ಅವರಿಗೆ ಹೇಳಿ, ಯೋಬನ ಹತ್ರಾನೇ ನಿಮಗೋಸ್ಕರ ಪ್ರಾರ್ಥನೆ ಮಾಡಿಸ್ಕೊಳ್ಳಿ ಅಂತ ಕಳಿಸಿದ್ರು. ದೇವರ ಪರ ವಕಾಲತ್ತು ವಹಿಸಿದವರಿಗೆ ಛೀಮಾರಿ ಬಿತ್ತು, ದೇವರ ಹತ್ರ ಪ್ರಶ್ನೆ ಕೇಳಿದವನಿಗೆ ಗೌರವ ಸಿಕ್ತು.

ಇನ್ನೊಂದು, ಯೋಹಾನ 9. ಹುಟ್ಟುಕುರುಡನನ್ನ ನೋಡಿ ಶಿಷ್ಯರು ಕೇಳಿದ್ದು, ಪಾಪ ಮಾಡಿದ್ದು ಇವನಾ, ಇವನ ಅಪ್ಪ ಅಮ್ಮನಾ ಅಂತ. ಯೇಸು ಸ್ವಾಮಿ ಎರಡನ್ನೂ ತಳ್ಳಿಹಾಕಿದ್ರು. ನಾವು ಮಾತ್ರ ಇವತ್ತಿಗೂ ಶಿಷ್ಯರ ಹಳೇ ಪ್ರಶ್ನೆಯನ್ನೇ ಹಿಡ್ಕೊಂಡು ಕೂತಿದ್ದೀವಿ.

ನಂಬಿಕೆ ಇದ್ರೆ ಕಾಯಿಲೆ ಖಂಡಿತ ಹೋಗುತ್ತೆ ಅನ್ನೋದಾದ್ರೆ, ಪೌಲನ ಗತಿ ಏನು? ದೇಹದಲ್ಲಿದ್ದ ಮುಳ್ಳು ತೆಗೀರಿ ಅಂತ ಮೂರು ಸಲ ಬೇಡ್ಕೊಂಡ. ತೆಗೀಲಿಲ್ಲ, ಕೃಪೆ ಸಾಕು ಅನ್ನೋ ಉತ್ತರ ಬಂತು. ಅದೇ ಪೌಲ ತನ್ನ ಜೊತೆಗಾರ ತ್ರೊಫಿಮನನ್ನ ಕಾಯಿಲೆ ಇದ್ದ ಹಾಗೇ ಮಿಲೇತದಲ್ಲಿ ಬಿಟ್ಟು ಮುಂದೆ ಹೋದ. ಪೌಲನಿಗೂ ನಂಬಿಕೆ ಕಡಿಮೆ ಇತ್ತಾ? ಹೇಳೋ ಧೈರ್ಯ ಇದ್ದೋರು ಹೇಳಿ.

ಭಾಗ 4/7

"ಹಾಗಾದ್ರೆ ಸಂದೇಹ ಪಡೋದು ಸರೀನಾ? ತೋಮನ ಥರ ಆಗ್ಬೇಕಾ?" ಅಂತ ಕೇಳ್ತೀರ. ಸಂಡೇ ಸ್ಕೂಲಿಂದ ನಮಗೆ ತೋಮ ಅಂದ್ರೆ ಸಂದೇಹದ ತೋಮ. ಪಾಪ, ಒಂದು ಸಂಜೆಯ ಮಾತಿಗೆ ಎರಡು ಸಾವಿರ ವರ್ಷದಿಂದ ಅಡ್ಡಹೆಸರು ಹೊತ್ಕೊಂಡಿದ್ದಾನೆ.

ಉಳಿದ ಶಿಷ್ಯರು ಏನು ಮಹಾ? ಸಮಾಧಿ ಖಾಲಿ ಅಂತ ಹೆಂಗಸರು ಓಡಿ ಬಂದು ಹೇಳಿದಾಗ, ಅದು ಹುಚ್ಚು ಮಾತು ಅಂದ್ಕೊಂಡೋರು ಅವರೇ. ಅವರಿಗೂ ಸ್ವಾಮಿ ಕೈಯನ್ನ, ಪಕ್ಕೆಯನ್ನ ತೋರಿಸಿದ ಮೇಲೇ ಸಂತೋಷ ಆಗಿದ್ದು. ತೋಮ ಅವತ್ತು ಅಲ್ಲಿರಲಿಲ್ಲ. ಅವರು ನೋಡಿದ್ದನ್ನೇ ತಾನೂ ನೋಡ್ಬೇಕು ಅಂದ, ಅಷ್ಟೇ.

ನನಗೆ ಈ ಕಥೇಲಿ ಮುಖ್ಯ ಅನ್ಸೋದು ನಡುವಿನ 8 ದಿನ. ನಂಬಲ್ಲ ಅಂದವನು ಆ ಗುಂಪು ಬಿಟ್ಟು ಹೋಗಲಿಲ್ಲ. ಗುಂಪೂ ಅವನನ್ನ ಆಚೆ ಹಾಕಲಿಲ್ಲ. 8 ದಿನ ಆದ್ಮೇಲೆ ಅದೇ ಮನೇಲಿ, ಅದೇ ಜನರ ಮಧ್ಯೆ ಕೂತಿದ್ದ. ಸ್ವಾಮಿ ಬಂದಾಗ ನೇರವಾಗಿ ಅವನ ಹತ್ರಾನೇ ಬಂದು ಕೈ ತೋರಿಸಿದ್ರು. ಅವತ್ತು ಯಾರಾದ್ರೂ "ನಿನಗೆ ನಂಬಿಕೆ ಕಡಿಮೆ, ಹೊರಗೆ ನಡಿ" ಅಂದಿದ್ರೆ?

ಇದೇ ತೋಮ ಕ್ರಿ.ಶ. 52ರಲ್ಲಿ ಕೇರಳದ ಕಡಲತೀರಕ್ಕೆ ಬಂದ, ಚೆನ್ನೈ ಹತ್ರದ ಬೆಟ್ಟದಲ್ಲಿ ಪ್ರಾಣ ಕೊಟ್ಟ ಅನ್ನೋದು ನಮ್ಮ ದಕ್ಷಿಣದ ಕ್ರೈಸ್ತರ ಹಳೇ ನಂಬಿಕೆ. ಆ ಬೆಟ್ಟಕ್ಕೆ ಇವತ್ತಿಗೂ ಅವನದೇ ಹೆಸರು, ಸೇಂಟ್ ಥಾಮಸ್ ಮೌಂಟ್. ಕೈ ಮುಟ್ಟಿ ನೋಡ್ಬೇಕು ಅಂದವನೇ ಇಷ್ಟು ದೂರ ಬಂದ ಅಂತ ನಮ್ಮ ಹಿರಿಯರು ನಂಬಿದ್ರು. ಸಂದೇಹಪಟ್ಟವನು ಕೆಲಸಕ್ಕೆ ಬಾರದವನು ಅಂತ ಅವರಿಗೆ ಅನ್ಸಿರಲಿಲ್ಲ.

ಭಾಗ 5/7

ಎದುರು ವಾದಾನೂ ಪ್ರಾಮಾಣಿಕವಾಗಿ ನೋಡ್ಬೇಕು. ಯೂತ್ ಮೀಟಿಂಗ್‌ನಲ್ಲಿ ನನಗೆ ತೋರಿಸೋ ಮೂರು ಭಾಗ ಇವೆ.

ಒಂದು, ನೀರಿನ ಮೇಲೆ ನಡೆದ ಪೇತ್ರ. ಹೆದರಿ ಮುಳುಗಿದಾಗ ಅಲ್ಪವಿಶ್ವಾಸಿ ಅಂತ ಸ್ವಾಮಿ ಅಂದ್ರಲ್ಲ? ಅಂದ್ರು, ನಿಜ. ಆದ್ರೆ ಮತ್ತಾಯ 14 ನಿಧಾನಕ್ಕೆ ಓದಿ. ಮೊದಲು ಕೈ ಚಾಚಿ ಹಿಡಿದ್ರು. ಮಾತು ಆಮೇಲೆ ಬಂತು. ನಾವು ದಡದ ಮೇಲೆ ನಿಂತು ಮಾತು ಮಾತ್ರ ಎಸೀತೀವಿ, ಕೈ ಜೇಬಲ್ಲೇ ಇರುತ್ತೆ.

ಎರಡು, ಸಾಸಿವೆ ಕಾಳು. ಅಷ್ಟು ನಂಬಿಕೆ ಇದ್ರೆ ಬೆಟ್ಟಾನೂ ಸರಿಯುತ್ತೆ ಅಂದಿದ್ದಾರೆ. ಅಲ್ರೀ, ಒಗ್ಗರಣೆ ಡಬ್ಬೀಲಿ ಅದಕ್ಕಿಂತ ಚಿಕ್ಕದು ಇನ್ನೇನಿದೆ? ಸ್ವಲ್ಪ ಇದ್ರೂ ಸಾಕು ಅಂತ ಧೈರ್ಯ ಹೇಳೋಕೆ ಕೊಟ್ಟ ಉದಾಹರಣೆಯನ್ನ, ಇನ್ನೊಬ್ಬರ ನಂಬಿಕೆ ತೂಗೋ ತಕ್ಕಡಿ ಮಾಡ್ಕೊಂಡಿದ್ದೀವಿ.

ಮೂರು, ಯಾಕೋಬನ ಪತ್ರಿಕೆ. ಸಂದೇಹಪಡದೆ ಕೇಳ್ಬೇಕು ಅಂತ 1ನೇ ಅಧ್ಯಾಯದಲ್ಲಿದೆ. ಇದು ನಿಜವಾಗ್ಲೂ ಗಟ್ಟಿ ಮಾತು, ತೇಲಿಸಿ ಬಿಡಲ್ಲ. ಆದ್ರೆ ಅಲ್ಲಿ ಕೇಳೋಕೆ ಹೇಳಿರೋದು ಜ್ಞಾನವನ್ನ. ದೇವರು ಹಂಗಿಸದೆ ಕೊಡ್ತಾರೆ ಅನ್ನೋದು ಅದರ ಹಿಂದಿನ ವಚನದಲ್ಲೇ ಇದೆ. ದೇವರೇ ಹಂಗಿಸಲ್ಲ ಅಂದ್ಮೇಲೆ ಹಂಗಿಸೋ ಅಧಿಕಾರ ನಮಗೆ ಕೊಟ್ಟಿದ್ಯಾರು? ಅದೇ ಪತ್ರಿಕೆಯ 5ನೇ ಅಧ್ಯಾಯದಲ್ಲಿ, ಕಾಯಿಲೆ ಇದ್ದವನು ಸಭೆಯ ಹಿರಿಯರನ್ನ ಕರೆಸಲಿ, ಅವರು ನಂಬಿಕೆಯಿಂದ ಪ್ರಾರ್ಥನೆ ಮಾಡಲಿ ಅಂತಿದೆ. ಗಮನಿಸಿ, ಅಲ್ಲಿ ಪ್ರಾರ್ಥನೆ ಮಾಡೋರು ಹಿರಿಯರು. ಹಾಸಿಗೇಲಿ ಮಲಗಿರೋನ ನಂಬಿಕೆ ಎಷ್ಟು ಅಂತ ಯಾರೂ ಅಳೀತಿಲ್ಲ. ಭಾರ ಹೊರಬೇಕಾದವರು ನೆಟ್ಟಗೆ ನಿಂತಿರೋರು.

ಭಾಗ 6/7

ಹಾಗಾದ್ರೆ ಕಷ್ಟ ಬಂದಾಗ ದೇವರನ್ನ ನಂಬೋದು ಅಂದ್ರೆ ಏನು? ಕಾಮರ್ಸ್‌ನವರಿಗೆ ಅರ್ಥ ಆಗೋ ಥರ ಹೇಳ್ತೀನಿ.

ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗದಿದ್ರೆ ಏನ್ ಮಾಡ್ತೀವಿ? ಪುಸ್ತಕ ಸುಡಲ್ಲ. ಸುಳ್ಳು ಎಂಟ್ರಿ ಹಾಕಿ ಸರಿಹೊಂದಿಸೋದೂ ಇಲ್ಲ, ಅದು ಫ್ರಾಡ್. ವ್ಯತ್ಯಾಸವನ್ನ ಸಸ್ಪೆನ್ಸ್ ಅಕೌಂಟ್‌ಗೆ ಹಾಕಿ, ಪುಸ್ತಕ ತೆರೆದೇ ಇಟ್ಟು ಹುಡುಕ್ತೀವಿ. ಆ ಅಕೌಂಟ್ ಇರೋದು ನಾಚಿಕೆ ವಿಷಯ ಅಲ್ಲ. ಲೆಕ್ಕ ಇನ್ನೂ ಬಾಕಿ ಇದೆ ಅಂತ ಒಪ್ಪಿಕೊಳ್ಳೋ ಪ್ರಾಮಾಣಿಕತೆ ಅದು.

"ಎಲ್ಲಾ ಒಳ್ಳೇದಕ್ಕೇ, ಸ್ತೋತ್ರ ಹೇಳಿ" ಅಂತ ಅಳುವವರ ಬಾಯಿ ಮುಚ್ಚಿಸೋದು ಸುಳ್ಳು ಎಂಟ್ರಿ. "ಉತ್ತರ ಬರಲಿಲ್ಲ, ಅಂದ್ರೆ ದೇವರೇ ಇಲ್ಲ" ಅಂತ ಒಂದೇ ರಾತ್ರೀಲಿ ತೀರ್ಮಾನ ಮಾಡೋದು ಪುಸ್ತಕ ಸುಡೋದು. ಎರಡಕ್ಕೂ ನಾನು ರೆಡಿ ಇಲ್ಲ.

ಸತ್ಯವೇದದಲ್ಲೇ ಈ ಬಾಕಿ ಲೆಕ್ಕ ಇದೆ. 150 ಕೀರ್ತನೆಗಳಲ್ಲಿ ದೊಡ್ಡ ಪಾಲು ಗೋಳು, ದೂರು, ಪ್ರಶ್ನೆ. 13ನೇ ಕೀರ್ತನೆ ಎಷ್ಟು ದಿನ ಹೀಗೆ ಅಂತ ಮತ್ತೆ ಮತ್ತೆ ಕೇಳಿ, ಕೊನೆಗೆ ಹಾಡಾಗುತ್ತೆ. 88ನೇದು ಹಾಡಾಗೋದೇ ಇಲ್ಲ, ಕತ್ತಲಲ್ಲೇ ಮುಗಿಯುತ್ತೆ. ಅದನ್ನ ಯಾರೂ ಕಿತ್ತುಹಾಕಲಿಲ್ಲ. ಆದ್ರೆ ಅದನ್ನ ಬರೆದವನು ಆ ಕತ್ತಲನ್ನ ಹೇಳ್ಕೊಂಡಿದ್ದು ದೇವರಿಗೇ. ನಂಬಿಕೆಯ ಗುರುತು ನನಗೆ ಅಲ್ಲೇ ಕಾಣೋದು. ಬಾಗಿಲು ತೆರೀದೆ ಇದ್ರೂ ಅದೇ ಬಾಗಿಲು ಬಡೀತಾ ಇರೋದು.

ಮಾರ್ಕ 9ರಲ್ಲಿ ಒಬ್ಬ ಅಪ್ಪ ಬರ್ತಾನೆ. ಮಗನಿಗೆ ಚಿಕ್ಕಂದಿನಿಂದ ಕಾಯಿಲೆ. ನಂಬ್ತೀನಿ ಅಂತಾನೆ, ಅದೇ ಉಸಿರಲ್ಲಿ ನನ್ನ ಅಪನಂಬಿಕೆಗೂ ಸಹಾಯ ಮಾಡು ಅಂತ ಬೇಡ್ಕೋತಾನೆ. ಎರಡೂ ಒಟ್ಟಿಗೆ. ಸ್ವಾಮಿ ಅವನನ್ನ ವಾಪಸ್ ಕಳಿಸಲಿಲ್ಲ, ಮಗನನ್ನ ಎಬ್ಬಿಸಿದ್ರು.

ಕೋಲ್ಕತ್ತಾದ ಮದರ್ ತೆರೇಸಾ ಅವರ ಖಾಸಗಿ ಪತ್ರಗಳು 2007ರಲ್ಲಿ ಪುಸ್ತಕವಾಗಿ ಬಂದಾಗ ಎಷ್ಟೋ ಜನಕ್ಕೆ ಶಾಕ್ ಆಯ್ತು. ದಶಕಗಳ ಕಾಲ ಅವರಿಗೆ ಒಳಗೆ ದೇವರ ಸಾನ್ನಿಧ್ಯವೇ ಅನುಭವಕ್ಕೆ ಬಂದಿರಲಿಲ್ಲ. ಆ ಕತ್ತಲಲ್ಲೇ ದಿನಾ ಪ್ರಾರ್ಥನೆಗೆ ಕೂತ್ರು, ದಿನಾ ಬೀದಿಯಲ್ಲಿ ಸಾಯ್ತಿದ್ದವರನ್ನ ಎತ್ತಿ ತಂದ್ರು. ಕೆಥೋಲಿಕ್ ಸಭೆ ಆ ಪತ್ರಗಳನ್ನ ಮುಚ್ಚಿಡಲಿಲ್ಲ, 2016ರಲ್ಲಿ ಅವರನ್ನ ಸಂತರು ಅಂತ ಘೋಷಿಸಿತು. ಫೀಲಿಂಗ್ ಇರೋದೇ ನಂಬಿಕೆ ಅನ್ನೋರು ಈ ಲೆಕ್ಕ ಹೇಗೆ ಕೂಡಿಸ್ತೀರ?

ಭಾಗ 7/7

ಈಗ ಕೆಲಸದ ಮಾತು.

ಸಂದೇಹದಲ್ಲಿ ಇರೋರಿಗೆ: ನಾಟಕ ಬೇಡ. ದೇವರ ಹತ್ರ ಇದ್ದದ್ದು ಇದ್ದ ಹಾಗೆ ಹೇಳಿ, ಜಗಳ ಆಡಿ. ಸ್ವಂತ ಮಾತು ಬರದಿದ್ರೆ 13 ಮತ್ತು 88ನೇ ಕೀರ್ತನೆ ತೆಗೀರಿ. ಭಾನುವಾರ ಹಾಡೋಕೆ ಬಾಯಿ ಬರದಿದ್ರೂ ಬೆಂಚಲ್ಲಿ ಬಂದು ಕೂತ್ಕೊಳ್ಳಿ, ತೋಮನ ಥರ. ಮಾತ್ರೆ ನಿಲ್ಲಿಸ್ಬೇಡಿ. ಸುವಾರ್ತೆ ಬರೆದ ಲೂಕನನ್ನ ಪೌಲ ವೈದ್ಯ ಅಂತಾನೇ ಕರೆದಿದ್ದು.

ಬದುಕೇ ಬೇಡ ಅನ್ಸಿದ್ರೆ ಅದನ್ನ ಪಾಪ ಅಂತ ಒಳಗೇ ಬಚ್ಚಿಡ್ಬೇಡಿ. ಪ್ರವಾದಿ ಎಲೀಯ ಕೂಡ ಗಿಡದ ಕೆಳಗೆ ಕೂತು ಸಾವು ಕೇಳ್ಕೊಂಡ. ದೇವರು ಬೈಯಲಿಲ್ಲ, ಭಾಷಣ ಮಾಡಲಿಲ್ಲ. ನಿದ್ದೆ ಮಾಡಲು ಬಿಟ್ರು, ದೂತನ ಕೈಲಿ ರೊಟ್ಟಿ, ನೀರು ಕಳಿಸಿದ್ರು. ಮಾತು ಅದೆಲ್ಲಾ ಆದ್ಮೇಲೆ. ಮನೇಲಿ ಯಾರಿಗಾದ್ರೂ ಹೇಳಿ. ಟೆಲಿ ಮಾನಸ್ ನಂಬರ್ 14416, ಸರ್ಕಾರದ್ದು, ಫ್ರೀ, ರಾತ್ರಿನೂ ಇರುತ್ತೆ. ಫೋನ್ ಮಾಡೋದು ಅಪನಂಬಿಕೆ ಅಲ್ಲ, ಆ ರೊಟ್ಟಿ ತಿಂದ ಹಾಗೆ.

ಪಕ್ಕದಲ್ಲಿ ನಿಂತಿರೋರಿಗೆ: "ಪ್ರೇ ಮಾಡ್ತೀವಿ" ಅಂತ ಕಾಮೆಂಟ್ ಹಾಕಿದ್ರೆ ನಿಜವಾಗ್ಲೂ ಪ್ರಾರ್ಥನೆ ಮಾಡಿ. ಆಮೇಲೆ ಎದ್ದು ಹೋಗಿ. ಆಸ್ಪತ್ರೇಲಿ ಒಂದು ರಾತ್ರಿ ಡ್ಯೂಟಿ ನಿಮ್ದು ಅಂತ ಹೇಳಿ, ಮನೆಯವರು ಮಲಗಲಿ. ಟಿಫನ್ ಕ್ಯಾರಿಯರ್ ತಗೊಂಡು ಹೋಗಿ. ಬಿಲ್ಲಿಂಗ್ ಕೌಂಟರ್ ಕ್ಯೂನಲ್ಲಿ ನಿಲ್ಲಿ. ರಕ್ತ ಬೇಕಿದ್ರೆ ಕೊಡಿ. ಕಾಲೇಜ್ ಬಿಟ್ಟವನಿಗೆ ನೋಟ್ಸ್ ಕಳಿಸಿ. ಬಟ್ಟೆ ಇಲ್ಲದವನಿಗೆ ಬೆಚ್ಚಗಿರಪ್ಪಾ ಅಂತ ಬಾಯಲ್ಲಿ ಹೇಳಿ ಕಳಿಸಿದ್ರೆ ಏನು ಪ್ರಯೋಜನ ಅಂತ ಕೇಳಿದ್ದೂ ಅದೇ ಯಾಕೋಬನ ಪತ್ರಿಕೆ, 2ನೇ ಅಧ್ಯಾಯ.

ಏನು ಹೇಳ್ಬೇಕು ಅಂತ ಗೊತ್ತಾಗದಿದ್ರೆ ಆ ಮೂರು ಸ್ನೇಹಿತರ ಮೊದಲ 7 ದಿನ ನೆನಪಿಸ್ಕೊಳ್ಳಿ. ಸುಮ್ನೆ ಕೂತ್ಕೊಳ್ಳಿ. 8ನೇ ದಿನಾನೂ ಸುಮ್ನೇ ಇರಿ.

ಗೆತ್ಸೇಮನೆಯಲ್ಲಿ ಯೇಸು ಸ್ವಾಮಿಯೇ ಈ ಪಾತ್ರೆ ತಪ್ಪಿಸು ಅಂತ ಮೂರು ಸಲ ಬೇಡ್ಕೊಂಡ್ರು, ತಪ್ಪಲಿಲ್ಲ. ಶಿಲುಬೆ ಮೇಲೆ ಯಾಕೆ ಕೈಬಿಟ್ಟೆ ಅಂತ ತಂದೆಯನ್ನೇ ಕೇಳಿದ್ರು. ನಾನು ನಂಬೋದು ಈ ಸ್ವಾಮಿಯನ್ನ. ಉತ್ತರ ಬಾರದ ಪ್ರಾರ್ಥನೆ ಅಂದ್ರೆ ಏನು ಅಂತ ಅವರಿಗೆ ಗೊತ್ತು. ಅದಕ್ಕೇ ನನ್ನ ಪ್ರಶ್ನೆಗಳನ್ನ ಅವರ ಹತ್ರ ತಗೊಂಡು ಹೋಗೋಕೆ ನನಗೆ ಭಯ ಇಲ್ಲ.

ಒಪ್ಪದಿದ್ರೆ ಕಾಮೆಂಟ್‌ಗೆ ಬನ್ನಿ, ವಚನ ಹಿಡ್ಕೊಂಡೇ ಬನ್ನಿ, ಖುಷಿಯಾಗಿ ಮಾತಾಡೋಣ. "ನಿನಗೆ ನಂಬಿಕೆ ಕಡಿಮೆ" ಅಂತ ಮಾತ್ರ ಬರೀಬೇಡಿ. ಹೌದು, ಸಾಸಿವೆ ಕಾಳಷ್ಟೇ ಇರೋದು.

#ನಂಬಿಕೆ #ಸಂದೇಹ #ಯೋಬ #ತೋಮ #ಕನ್ನಡಕ್ರೈಸ್ತರು #ಬಿಕಾಂಲೈಫ್